ಜೇನಿನಲ್ಲಿ ಉಳಿದ ಎಕಾರ

ಓದುಗರ ಪ್ರಶ್ನೆ: ನುಡಿ ವಿಚಾರ

ಫಿನ್ನಿಶ್ ಭಾಷೆಯಲ್ಲಿ ನೂರಕ್ಕೆ ‘ಸತ’ ಎನ್ನುತ್ತಾರೆ, ಅದು ನಮ್ಮ ‘ಶತ’ದ ಬಂಧು ಎಂದು ಹಿಂದಿನ ಸಂಚಿಕೆಯ ಮೂಲೆಯಲ್ಲಿ ನಾಲ್ಕು ಸಾಲು ಹಾಕಿದ್ದೆವು. ಮೈಸೂರು, ಮಂಡ್ಯ ಕಡೆಯಿಂದ ಅದಕ್ಕೆ ಬಂದ ಕಾಗದಗಳಲ್ಲಿ ಕೆಲವನ್ನು ಇಲ್ಲಿ ತೆಗೆದುಕೊಂಡಿದ್ದೇವೆ. ಬರವಣಿಗೆಯ ಸಾಕ್ಷ್ಯವಿಲ್ಲದೆ, ಒಂದೇ ಮೂಲದಿಂದ ಕವಲೊಡೆದ ನುಡಿಗಳನ್ನು ಹೋಲಿಸಿ ಕಟ್ಟಿಕೊಂಡ ಹಳೆಯ ರೂಪಗಳ ಹಿಂದೆ * ಗುರುತು ಹಾಕಿದ್ದೇವೆ.

ಪ್ರಶ್ನೆ: ನಮ್ಮ ವಾಟ್ಸಾಪ್ ಬಳಗದಲ್ಲಿ ಫಿನ್ನಿಶ್‌ನ ‘ಸತ’, ಹಂಗೇರಿಯನ್‌ನ ‘ಸಾಜ಼್’ ಎರಡನ್ನೂ ತೋರಿಸಿ, ಸಂಸ್ಕೃತ ಯುರೋಪಿನ ಉತ್ತರದ ತುದಿಗೂ ಹೋಗಿತ್ತು ಎನ್ನುತ್ತಿದ್ದಾರೆ. ಒಪ್ಪಬಹುದೇ? (ನಿವೃತ್ತ ಸಂಸ್ಕೃತ ಅಧ್ಯಾಪಕರು, ನಂಜನಗೂಡು)

ಉತ್ತರ: ಪದ ಹೋಗಿದೆ ಮೇಷ್ಟ್ರೇ, ಸಂಸ್ಕೃತ ಹೋಗಿಲ್ಲ. ಸಂಸ್ಕೃತಕ್ಕೂ ಇರಾನಿನ ಅವೆಸ್ತಾದ ನುಡಿಗೂ ತಾಯಿಯಾದ ಭಾಷೆಯೊಂದಿತ್ತು. ಅದನ್ನು ಇಂಡೋ-ಇರಾನೀ ಎಂದು ಕರೆಯುತ್ತಾರೆ. ಅದನ್ನಾಡುತ್ತಿದ್ದವರು ಉರಲ್ ಬೆಟ್ಟಗಳ ದಕ್ಷಿಣದ ಹುಲ್ಲುಗಾವಲಿನವರು. ಅವರ ಉತ್ತರಕ್ಕೆ ಕಾಡು ಸೀಮೆಯಲ್ಲಿದ್ದವರು ಯುರಾಲಿಕ್ ನುಡಿಯವರು, ಎಂದರೆ ಇಂದಿನ ಫಿನ್ನಿಶ್, ಎಸ್ಟೋನಿಯನ್, ಹಂಗೇರಿಯನ್, ರಷ್ಯಾದೊಳಗಿನ ಎರ್ಜ್ಯಾ, ಕೋಮಿ, ಉಡ್ಮುರ್ಟ್ ಮುಂತಾದ ಭಾಷೆಗಳ ಹಿರೀಕರು. ಹುಲ್ಲುಗಾವಲಿನ ಸಿಂತಾಷ್ಟ ಸಂಸ್ಕೃತಿಯ ಗೋರಿಗಳಲ್ಲಿ (ಸುಮಾರು ಕ್ರಿ.ಪೂ. 2100ರಿಂದ 1800) ರಥದ ಗುರುತುಗಳು ಸಿಕ್ಕಿವೆ, ಅದು ಇಂಡೋ-ಇರಾನೀ ಜನರದೇ ಎಂದು ಬಹುಮಂದಿ ವಿದ್ವಾಂಸರ ಎಣಿಕೆ. ಪದಗಳು ಕೈ ಬದಲಿಸಿದ್ದು ಆ ಸೀಮೆಯಲ್ಲಿ, ಋಗ್ವೇದಕ್ಕಿಂತ ಮೊದಲು. ಪಾಣಿನಿಗೂ ಅದಕ್ಕೂ ಸಾವಿರ ವರ್ಷಕ್ಕೂ ಹೆಚ್ಚಿನ ಅಂತರ.

‘ಸತ’ವನ್ನು ಎಲ್ಲರೂ ಮೊದಲ ಉದಾಹರಣೆಯಾಗಿ ಎತ್ತಿಕೊಳ್ಳುತ್ತಾರೆ. ಪದವನ್ನು ಸಾಲ ಪಡೆದದ್ದಕ್ಕೆ ಅದು ಒಳ್ಳೆಯ ಸಾಕ್ಷಿ, ಕಾಲ ಹೇಳುವುದಕ್ಕೆ ಅಷ್ಟು ಒಳ್ಳೆಯದಲ್ಲ. ‘ಶತ’ದ ಮೊದಲ ಅಕಾರ ಮೂಲದಲ್ಲಿ (ಸಂಸ್ಕೃತ, ಲ್ಯಾಟಿನ್, ಗ್ರೀಕ್ ಎಲ್ಲಕ್ಕೂ ತಾಯಿಯಾದ ಮೂಲ ಇಂಡೋ-ಯುರೋಪಿಯನ್‌ನಲ್ಲಿ) ಎಕಾರವೂ ಅಲ್ಲ, ಒಕಾರವೂ ಅಲ್ಲ, ಸ್ವರದ ಕೆಲಸ ಮಾಡುತ್ತಿದ್ದ ಮಕಾರ. ಲ್ಯಾಟಿನ್‌ನ ‘ಕೆಂತುಮ್’ನಲ್ಲಿ ಅದರ ಅನುನಾಸಿಕ ಇನ್ನೂ ಕೇಳುತ್ತದೆ. ಆ ಮಕಾರ ಅಕಾರವಾದ ಮೇಲೆ ‘ಸತ’ ಕೈ ಬದಲಿಸಿತು ಎನ್ನಬಹುದು, ಅಷ್ಟೇ. ಎ, ಒ, ಅ ಮೂರೂ ಬೆರೆತು ಒಂದೇ ಅಕಾರವಾದದ್ದು ಇಂಡೋ-ಇರಾನೀ ಕವಲಿನ ದೊಡ್ಡ ಘಟನೆ. ಅದರ ಹಿಂದೋ ಮುಂದೋ ಎಂಬುದಕ್ಕೆ ಈ ಪದದಲ್ಲಿ ಉತ್ತರವಿಲ್ಲ.

ಹಂಗೇರಿಯನ್ ‘ಸಾಜ಼್’ನ ದೀರ್ಘ ನೋಡಿಯೂ ಮೋಸ ಹೋಗಬೇಡಿ. ಆ ಭಾಷೆಯಲ್ಲಿ ಪದದ ಕೊನೆಯ ಸ್ವರ ಉದುರಿಹೋದಾಗ ಅದರ ಹಿಂದಿನ ಸ್ವರ ಉದ್ದವಾಗುವುದು ಮನೆಯ ರೂಢಿ. ಕೈಗೆ ‘ಕೇಜ಼್’ ಎನ್ನುತ್ತಾರೆ, ‘ಕೈಯನ್ನು’ ಎನ್ನುವಾಗ ‘ಕೆಜ಼ೆತ್’. ಮುಂದೆ ಸ್ವರ ಬಂದೊಡನೆ ದೀರ್ಘ ಹ್ರಸ್ವವಾಯಿತು. ಇಂಥ ದೀರ್ಘವನ್ನು ಸಂಸ್ಕೃತದ ದೀರ್ಘಕ್ಕೆ ಗಂಟು ಹಾಕಬಾರದು.

ಪ್ರಶ್ನೆ: ‘ಮಧು’ವಿಗೆ ಫಿನ್ನಿಶ್‌ನಲ್ಲಿ ‘ಮೆಸಿ’. ಇದರ ಎಕಾರ ಸಂಸ್ಕೃತದ ಅಕಾರಕ್ಕಿಂತ ಹಳೆಯದು ಎಂದು ಓದಿದೆ. ಯಾವ ಹಂತಗಳಲ್ಲಿ ಇದನ್ನು ತೀರ್ಮಾನಿಸುತ್ತಾರೆ, ಎಲ್ಲಿ ಎಡವುತ್ತಾರೆ ತಿಳಿಸಿ. (ಎಂ.ಎ. ವಿದ್ಯಾರ್ಥಿನಿ, ಮಾನಸಗಂಗೋತ್ರಿ)

ಉತ್ತರ: ಕನ್ನಡದವರಾದ ನಿಮಗೆ ಇಲ್ಲೊಂದು ಅನುಕೂಲವಿದೆ. ಸಂಸ್ಕೃತಕ್ಕೆ ಹ್ರಸ್ವ ಎ, ಒ ಇಲ್ಲ. ಏ, ಓ ಮಾತ್ರ. ನಮಗೆ ಎರಡು ಜೊತೆಯೂ ಉಂಟು, ಅಕ್ಷರವೂ ಉಂಟು. ‘ಮಧು’ವಿನ ಹಿಂದಿನ ರೂಪವನ್ನು ಸಲೀಸಾಗಿ *‘ಮೆಧು’ ಎಂದು ಬರೆದುಕೊಳ್ಳಬಹುದು.

ಮೊದಲ ಕೆಲಸ, ಸಂಸ್ಕೃತದ ಹಿಂದೆ ಎಕಾರ ಇತ್ತು ಎಂಬುದಕ್ಕೆ ಯುರಾಲಿಕ್‌ನ ನೆರವಿಲ್ಲದೆ ಸಾಕ್ಷಿ ಹುಡುಕುವುದು. ‘ಕೃ’ ಧಾತುವಿನ ಲಿಟ್ (ಭೂತಕಾಲದ) ರೂಪ ‘ಚಕಾರ’ (ಮಾಡಿದನು) ನೋಡಿ. ದ್ವಿತ್ವವಾದಾಗ ‘ಕಕಾರ’ ಆಗಬೇಕಿತ್ತು, ಮೊದಲ ಕ ಏಕೆ ಚ ಆಯಿತು? ಅದರ ಮುಂದೆ ಹಿಂದೊಮ್ಮೆ ಎಕಾರವಿತ್ತು, ಅದು ಕಕಾರವನ್ನು ತಾಲವ್ಯ ಮಾಡಿತು; ಎರಡನೆಯ ಕ ಮುಂದಿದ್ದದ್ದು ಒಕಾರ, ಹಾಗಾಗಿ ಅದು ಕ ಆಗಿಯೇ ಉಳಿಯಿತು. ಆಮೇಲೆ ಎಕಾರ, ಒಕಾರ ಎರಡೂ ಅಕಾರದ ಜಾತಿಗೆ ಸೇರಿಹೋದವು. ‘ಗಮ್’ನಿಂದ ‘ಜಗಾಮ’ ಬರುವುದೂ ಹೀಗೆಯೇ. ‘ಮತ್ತು’ ಎಂಬ ಅರ್ಥದ ‘ಚ’ಕ್ಕೆ ಲ್ಯಾಟಿನ್‌ನಲ್ಲಿ ‘ಕ್ವೆ’, ಗ್ರೀಕ್‌ನಲ್ಲಿ ‘ತೆ’. ಎಕಾರ ತಾನು ಅಳಿದರೂ ವ್ಯಂಜನದ ಮೇಲೆ ಹೆಜ್ಜೆ ಗುರುತು ಬಿಟ್ಟುಹೋಗಿದೆ. 1870ರ ದಶಕದಲ್ಲಿ ಈ ನಿಯಮ ಪತ್ತೆಯಾದ ಮೇಲೆ, ಸಂಸ್ಕೃತದ ಅಕಾರವೇ ಅತ್ಯಂತ ಹಳೆಯದು ಎಂಬ ನಂಬಿಕೆ ಮೂಲೆ ಸೇರಿತು.

ಎರಡನೆಯದು, ಸಾಲ ಪಡೆದವರ ಬಾಯಲ್ಲಿ ಯಾವ ಯಾವ ಸ್ವರಗಳಿದ್ದವು ಎಂಬ ಲೆಕ್ಕ. ಮೂಲ ಯುರಾಲಿಕ್‌ನಲ್ಲಿ ಪದದ ಮೊದಲ ಅಕ್ಷರದಲ್ಲಿ ಇ, ಎ, ಉ, ಒ, ಅ ಇದ್ದವು. ಜೊತೆಗೆ ‘ಬ್ಯಾಂಕ್’ ಎನ್ನುವಾಗ ಬರುವಂಥ ಆ್ಯ, ತುಟಿಯನ್ನು ಉಕಾರಕ್ಕೆ ಉರುಟು ಮಾಡಿ ಇಕಾರ ನುಡಿದರೆ ಬರುವ ಇನ್ನೊಂದು ಸ್ವರ, ಇಕಾರವನ್ನು ನಾಲಗೆಯ ಹಿಂಭಾಗದಲ್ಲಿ ಹೇಳಿದಂತಿರುವ ಮತ್ತೊಂದು. ಹ್ರಸ್ವ ದೀರ್ಘದ ಭೇದವಿರಲಿಲ್ಲ. ಎರಡನೆಯ ಅಕ್ಷರದಲ್ಲಿ ಬಡತನ ಹೆಚ್ಚು: ಅ ಅಥವಾ ಆ್ಯ, ಇಲ್ಲವೇ ಇ. ಈಗ *‘ಮೆಧು’ವನ್ನು ಈ ಅಚ್ಚಿಗೆ ಸುರಿಯಿರಿ. ಎ ಹಾಗೇ ಕೂರುತ್ತದೆ. ಮಹಾಪ್ರಾಣ ಘೋಷ ಧಕಾರ ಅವರಲ್ಲಿಲ್ಲ, ತ ಆಗುತ್ತದೆ. ಕೊನೆಯ ಉಕಾರಕ್ಕೆ ಆ ಜಾಗದಲ್ಲಿ ಅವಕಾಶವಿಲ್ಲ, ಇ ಆಗುತ್ತದೆ. ಬಂದದ್ದು *‘ಮೆತಿ’. ಕೊಟ್ಟವರು ‘ಮಧು’ ಎಂದೇ ಹೇಳಿದ್ದರೆ, ಅಕಾರ ಸ್ವಂತದ್ದೇ ಇದ್ದ ಜನ ಅದನ್ನು ಎಕಾರ ಮಾಡಿಕೊಳ್ಳಲು ಕಾರಣವೇ ಇರಲಿಲ್ಲ. ಇಡೀ ವಾದದ ಕೀಲು ಇದು.

ಮೂರನೆಯದರಲ್ಲೇ ಹವ್ಯಾಸಿಗಳು ಹೆಚ್ಚು ಎಡವುವುದು. ಇಂದಿನ ಭಾಷೆಗಳ ಸ್ವರವನ್ನು ನೇರವಾಗಿ ಸಂಸ್ಕೃತದ ಪಕ್ಕ ಇಡಬಾರದು. ನಡುವೆ ನಾಲ್ಕು ಸಾವಿರ ವರ್ಷ ಸವೆದಿವೆ. ಪಕ್ಕದಲ್ಲಿ ಅದೇ ಅಚ್ಚಿನ ಅಚ್ಚ ಯುರಾಲಿಕ್ ಪದವೊಂದನ್ನು ನಡೆಸಿಕೊಂಡು ಹೋಗಬೇಕು. ನೀರಿಗೆ ಫಿನ್ನಿಶ್‌ನಲ್ಲಿ ‘ವೆಸಿ’, ಜೇನಿಗೆ ‘ಮೆಸಿ’. ‘ನೀರಿನ’ ಎಂದರೆ ‘ವೆದೆನ್’, ‘ಜೇನಿನ’ ಎಂದರೆ ‘ಮೆದೆನ್’. ಎರ್ಜ್ಯಾದಲ್ಲಿ ‘ವೆದ್’, ‘ಮೆದ್’. ಕೋಮಿಯಲ್ಲಿ ‘ವಾ’, ‘ಮಾ’. ಹೆಜ್ಜೆ ಹೆಜ್ಜೆಗೂ ಜೊತೆ. ಕೋಮಿಯ ‘ಮಾ’ ಒಂದನ್ನೇ ನೋಡಿದವರು “ಅಗೋ, ಸಂಸ್ಕೃತದ ಅಕಾರ” ಎಂದು ಹಿಗ್ಗಿಬಿಟ್ಟಾರು. ಆದರೆ ನೀರಿನ ‘ವಾ’ದಲ್ಲೂ ಅದೇ ಬಂದಿರುವುದರಿಂದ ಅದು ಕೋಮಿಯೊಳಗಿನ ಬದಲಾವಣೆ. ಫಿನ್ನಿಶ್‌ನ ಸಕಾರ ಕೂಡ ಧಕಾರದಿಂದ ನೇರ ಬಂದದ್ದಲ್ಲ. ಅಲ್ಲಿ ಪದದ ಕೊನೆಯ ‘ತಿ’ ‘ಸಿ’ ಆಗುತ್ತದೆ, ನೀರಿನಲ್ಲೂ ಹಾಗೇ ಆಗಿದೆ. (ಹಂಗೇರಿಯಲ್ಲಿ ಜೇನಿಗೆ ‘ಮೇಜ಼್’, ಊಟದ ಮೇಜಲ್ಲ.)

ಇಂಥ ಬದಲಾವಣೆ ನಮಗೆ ಹೊಸದಲ್ಲ. ತಮಿಳಿನ ‘ಇಲೈ’ ನಮ್ಮ ‘ಎಲೆ’, ‘ಕುಡೈ’ ನಮ್ಮ ‘ಕೊಡೆ’. ಮುಂದಿನ ಅಕ್ಷರದ ಸ್ವರ ತೆರೆದದ್ದಾದರೆ ಹಿಂದಿನ ಇ, ಉ ಇಳಿದು ಎ, ಒ ಆಗುತ್ತವೆ. ಇದು ತಿಳಿಯದವರು ‘ಎಲೆ’ಯ ಎಕಾರವನ್ನೇ ಮೂಲವೆಂದುಕೊಳ್ಳುತ್ತಾರೆ.

ನಾಲ್ಕನೆಯದು, ಅದೇ ತರಹ ವರ್ತಿಸುವ ಬೇರೆ ಪದಗಳು. ಜೇನುನೊಣಕ್ಕೆ ಎರ್ಜ್ಯಾದಲ್ಲಿ ‘ಮೆಕ್ಷ್’, ಹಂಗೇರಿಯನ್‌ನಲ್ಲಿ ‘ಮೇಹ್’, ಫಿನ್ನಿಶ್‌ನ ‘ಮೆಹಿಲಾಯ್ನೆನ್’ನ ಮೊದಲ ಭಾಗವೂ ಅದೇ. ಸಂಸ್ಕೃತದಲ್ಲಿ ‘ಮಕ್ಷಾ’, ‘ಮಕ್ಷಿಕಾ’. ಒಕಾರದ ಸಾಕ್ಷಿ ಹಂದಿಮರಿಯದು, ಫಿನ್ನಿಶ್‌ನ ‘ಪೊರ್ಸಸ್’. ಲ್ಯಾಟಿನ್‌ನ ‘ಪೊರ್ಕುಸ್’ ಇದರ ದಾಯಾದಿ. ತಬ್ಬಲಿಗೆ ಫಿನ್ನಿಶ್‌ನಲ್ಲಿ ‘ಒರ್ಪೊ’, ಗ್ರೀಕ್‌ನಲ್ಲಿ ‘ಒರ್ಫನೊಸ್’. ಸಂಸ್ಕೃತದಲ್ಲಿ ಮಾತ್ರ ಅಕಾರದ ‘ಅರ್ಭ’, ಪುಟ್ಟ ಮಗು. ನಮ್ಮ ‘ಅರ್ಭಕ’ ಅಲ್ಲಿಂದ ಬಂದದ್ದು.

ಇವುಗಳಲ್ಲಿ ಹಂದಿಮರಿಯ ಮಾತು ನಮಗೆ ಹೆಚ್ಚು ಗಟ್ಟಿ ಅನ್ನಿಸುತ್ತದೆ. ಜೇನಿನ ಪದದಲ್ಲಿ ಮ, ಧ ಮಾತ್ರ. ಅವು ಇಂಡೋ-ಇರಾನೀ ಕವಲಿನವೇ, ಅದಕ್ಕೂ ಹಿಂದಿನ ಮೂಲ ಇಂಡೋ-ಯುರೋಪಿಯನ್‌ನವೇ ಎಂದು ಬೇರ್ಪಡಿಸಲು ಆಗದು. ‘ಪೊರ್ಸಸ್’ನಲ್ಲಿ ಲ್ಯಾಟಿನ್‌ನ ಕಕಾರದ ಜಾಗದಲ್ಲಿ ಆಗಲೇ ಸಕಾರದ ಜಾತಿಯ ಧ್ವನಿ ಬಂದಿದೆ, ಸ್ವರ ಇನ್ನೂ ಒಕಾರವಾಗಿಯೇ ಇದೆ. ಅಂದರೆ ವ್ಯಂಜನ ಬದಲಾದ ಮೇಲೆ, ಸ್ವರ ಬದಲಾಗುವ ಮುಂಚೆ, ಆ ಕಿರಿದಾದ ಸಂದಿಯಲ್ಲಿ ಕೈ ಬದಲಿಸಿದ ಪದ. ಲಿಥುವೇನಿಯನ್ ಮುಂತಾದ ಬಾಲ್ಟಿಕ್ ನುಡಿಗಳಿಂದ ಬಂದಿರಬಾರದೇಕೆ ಎಂದು ನೀವು ಕೇಳಬಹುದು. ಲಿಥುವೇನಿಯನ್‌ನಲ್ಲಿ ಅದು ‘ಪರ್ಶಸ್’. ಬಾಲ್ಟಿಕ್‌ನ ಶಕಾರ ಫಿನ್ನಿಶ್‌ಗೆ ಬಂದರೆ ಹಕಾರವಾಗುತ್ತದೆ (ಅವರ ‘ಶಲ್ನ’, ಹೆಪ್ಪುಗಟ್ಟಿದ ಇಬ್ಬನಿ, ಫಿನ್ನಿಶ್‌ನಲ್ಲಿ ‘ಹಲ್ಲ’). ಆ ದಾರಿಯಲ್ಲಿ ಬಂದಿದ್ದರೆ ‘ಪರ್ಹಸ್’ನಂಥದ್ದೇನೋ ಸಿಗಬೇಕಿತ್ತು. ಸ್ವರವೂ ವ್ಯಂಜನವೂ ಎರಡೂ ಒಲ್ಲೆ ಎನ್ನುತ್ತಿವೆ. ಜೇನುನೊಣದ್ದು ಬೇರೆ ತೊಡಕು: ಆ ಪದಕ್ಕೆ ಇಂಡೋ-ಇರಾನೀ ಬಿಟ್ಟರೆ ಹೊರಗೆ ನೆಂಟರು ತೀರ ಕಡಿಮೆ. ಅದರ ಎಕಾರಕ್ಕೆ ಯುರಾಲಿಕ್ಕೇ ಸಾಕ್ಷಿ, ಯುರಾಲಿಕ್ಕೇ ತೀರ್ಪುಗಾರ. ಪ್ರಬಂಧ ಬರೆಯುವಾಗ ಅದೊಂದರ ಮೇಲೆ ಮನೆ ಕಟ್ಟಬೇಡಿ.

ಕೊನೆಗೆ ಎದುರು ಸಾಕ್ಷಿ. ಎ, ಒ ಬೆರೆತು ಅಕಾರವಾದ ಮೇಲೆ ಬಂದ ಪದಗಳಲ್ಲಿ ಅಕಾರವೇ ಕಾಣಬೇಕಲ್ಲ? ಕಾಣುತ್ತದೆ. ಕರುವಿಗೆ ಫಿನ್ನಿಶ್‌ನಲ್ಲಿ ‘ವಸ’, ಸಂಸ್ಕೃತದ ‘ವತ್ಸ’. ಲ್ಯಾಟಿನ್‌ನ ‘ವೆತುಸ್’ (ವಯಸ್ಸಾದ) ಇದರ ಕುಲದ್ದು, ಮೂಲದಲ್ಲಿ ಎಕಾರವೇ ಇತ್ತು. ‘ಮೆಸಿ’ಯಲ್ಲಿ ಎ ಉಳಿದು ‘ವಸ’ದಲ್ಲಿ ಅ ಬಂದಿರುವುದಕ್ಕೆ ಸರಳ ವಿವರಣೆ, ಎರಡೂ ಒಂದೇ ಕಾಲದಲ್ಲಿ ಬಂದವಲ್ಲ. ಇಲ್ಲಿಯೂ ಒಂದು ಗುಂಡಿ ಇದೆ. ಬೆಲೆಗೆ ಫಿನ್ನಿಶ್‌ನಲ್ಲಿ ‘ಅರ್ವೊ’, ಸಂಸ್ಕೃತದ ‘ಅರ್ಘ’ (ನಾವು ‘ಅನರ್ಘ್ಯ’ ಎನ್ನುತ್ತೇವಲ್ಲ, ಅದರೊಳಗಿನದು). ಅಕಾರವಿದೆ ಎಂದು ಈ ಪದವನ್ನು ಎರಡನೆಯ ಗುಂಪಿಗೆ ಹಾಕುವಂತಿಲ್ಲ. ಲಿಥುವೇನಿಯನ್‌ನ ‘ಅಲ್ಗ’ (ಸಂಬಳ), ಗ್ರೀಕ್‌ನ ‘ಅಲ್ಫೇ’ ನೋಡಿದರೆ ಅಲ್ಲಿ ಮೊದಲಿಂದಲೂ ಅಕಾರವೇ. ಈ ಪದದಲ್ಲಿ ಮಾತಾಡುವುದು ಸ್ವರವಲ್ಲ, ಲಕಾರದ ಜಾಗದಲ್ಲಿ ಬಂದ ರಕಾರ. ಅದು ಇಂಡೋ-ಇರಾನೀ ಗುರುತು.

ಪಟ್ಟಿ ಮಾಡುವಾಗ 2019ರಲ್ಲಿ ಹೆಲ್ಸಿಂಕಿಯಲ್ಲಿ ಸಂಪ್ಸ ಹೊಲೊಪೈನೆನ್ ಮಾಡಿದ ಪರಿಶೀಲನೆಯನ್ನು ಮರೆಯದೆ ನೋಡಿ. ಇಂಡೋ-ಇರಾನೀ ಎಂದು ಹಿಂದಿನವರು ಸೇರಿಸಿದ್ದ ಪದಗಳನ್ನು ಒಂದೊಂದಾಗಿ ಜರಡಿ ಹಿಡಿದು ಹಲವನ್ನು ಅವರು ಸಂದೇಹದ ಪಟ್ಟಿಗೆ ತಳ್ಳಿದ್ದಾರೆ.

ಪ್ರಶ್ನೆ: ಫಿನ್‌ಲೆಂಡಿನಲ್ಲಿ ಸಕ್ಕರೆಗೆ ‘ಸೊಕೆರಿ’ ಅಂತಾರಂತೆ. ಇದೂ ನಾಲ್ಕು ಸಾವಿರ ವರ್ಷದ ಹಳೆಯ ಸಾಲವೇ? (ಕಬ್ಬು ಬೆಳೆಗಾರರು, ಮಂಡ್ಯ ತಾಲ್ಲೂಕು)

ಉತ್ತರ: ಅಲ್ಲ. ಬೀಜ ಒಂದೇ, ಬಂದ ದಾರಿ ಬೇರೆ. ‘ಶರ್ಕರಾ’ ಪ್ರಾಕೃತದ ಮೂಲಕ ನಮಗೆ ‘ಸಕ್ಕರೆ’ಯಾಗಿ ಬಂತು, ಕೊನೆಯ ಆಕಾರವನ್ನು ನಾವು ‘ಮಾಲಾ–ಮಾಲೆ’, ‘ಸೀತಾ–ಸೀತೆ’ಯ ಹಾಗೆ ಎಕಾರ ಮಾಡಿಕೊಂಡೆವು. ಅದೇ ಪದ ಪರ್ಷಿಯನ್, ಅರಬ್ಬಿ, ಇಟಾಲಿಯನ್ ದಾಟಿ ಉತ್ತರಕ್ಕೆ ಹೋಗಿ ಸ್ವೀಡಿಷ್‌ನಲ್ಲಿ ‘ಸೊಕರ್’ ಆಯಿತು, ಅಲ್ಲಿಂದ ಫಿನ್ನಿಶ್‌ಗೆ ಇಳಿಯಿತು. ಮೊದಲ ಅಕ್ಷರದ ಒಕಾರವೇ ಸ್ವೀಡಿಷ್ ಮುದ್ರೆ. ಕೊನೆಯ ಇಕಾರ ಅವರು ತಾವೇ ಅಂಟಿಸಿದ್ದು, ವ್ಯಂಜನದಲ್ಲಿ ಮುಗಿಯುವ ಹೊರಗಿನ ಪದಕ್ಕೆಲ್ಲ ಅವರು ಇ ಹಚ್ಚುತ್ತಾರೆ. ‘ಬ್ಯಾಂಕ್’ ನಮ್ಮಲ್ಲಿ ‘ಬ್ಯಾಂಕು’, ಅವರಲ್ಲಿ ‘ಪಂಕ್ಕಿ’. ನಾವು ಉ ಹಚ್ಚಿದೆವು, ಅವರು ಇ. ಪುರಾತನ ಸಾಲಗಳಲ್ಲಿ ಈ ಬಾಲ ಬೇರೆ ತರಹ: ‘ಪೊರ್ಸಸ್’ನ ಕೊನೆಯ ‘ಅಸ್’ ಪ್ರಥಮಾ ವಿಭಕ್ತಿಯ ಪ್ರತ್ಯಯ, ನಮ್ಮ ವಿಸರ್ಗವಾದದ್ದು. ಸಾಲದ ಜೊತೆ ಚೀಲವನ್ನೂ ಇಟ್ಟುಕೊಂಡ ಹಾಗೆ.

ಪ್ರಶ್ನೆ: ತದ್ಭವ ಪಾಠ ಮಾಡುವಾಗ ‘ವಜ್ರ – ಬಜ್ಜರ’ ಹೇಳುತ್ತೇವೆ. ಯುರಾಲಿಕ್‌ನಲ್ಲೂ ಒತ್ತಕ್ಷರ ಹೀಗೆ ಒಡೆಯುತ್ತದೆಯೇ? ಋಕಾರವನ್ನು ಅವರು ಏನು ಮಾಡಿದರು? (ಕನ್ನಡ ಉಪನ್ಯಾಸಕರು, ಪಿಯು ಕಾಲೇಜು, ಮಂಡ್ಯ)

ಉತ್ತರ: ನೀವು ಆರಿಸಿದ ಪದವೇ ಅಲ್ಲೂ ಇದೆ. ಸುತ್ತಿಗೆಗೆ ಫಿನ್ನಿಶ್‌ನಲ್ಲಿ ‘ವಸರ’. ಇಂದ್ರನ ಆಯುಧ ಬಡಗಿಯ ಕೈಗೆ ಬಂದಿದೆ. ನಾವು ವಜ್ರವನ್ನು ‘ಬಜ್ಜರ’ ಮಾಡಿದಂತೆ ಅವರೂ ಜಕಾರ–ರಕಾರದ ನಡುವೆ ಒಂದು ಅಕಾರ ಇಟ್ಟು ಮೂರಕ್ಷರ ಮಾಡಿಕೊಂಡರು. ಒಬ್ಬರಿಂದೊಬ್ಬರು ಕಲಿತದ್ದಲ್ಲ, ಆ ಒತ್ತಕ್ಷರ ಇಬ್ಬರ ಬಾಯಿಗೂ ಒಗ್ಗಲಿಲ್ಲ. ಕೇಶಿರಾಜ ‘ಶಬ್ದಮಣಿದರ್ಪಣ’ದ ಅಪಭ್ರಂಶ ಪ್ರಕರಣದಲ್ಲಿ ಕನ್ನಡಕ್ಕೆ ಮಾಡಿದ ಕೆಲಸವನ್ನೇ ಈ ಪದಗಳನ್ನು ಹೋಲಿಸುವ ವಿದ್ವಾಂಸರು ಯುರಾಲಿಕ್‌ಗೆ ಮಾಡುತ್ತಿದ್ದಾರೆ ಎಂದು ತರಗತಿಯಲ್ಲಿ ಹೇಳಿದರೆ ಮಕ್ಕಳಿಗೆ ಬೇಗ ಹತ್ತುತ್ತದೆ. ಇನ್ನೊಂದನ್ನೂ ಗಮನಿಸಿ: ‘ವಜ್ರ’ದ ಮೊದಲ ಅಕಾರವೂ ಹಳೆಯ ಎಕಾರದಿಂದ ಬಂದದ್ದು. ಫಿನ್ನಿಶ್‌ನಲ್ಲಿ ಅಕಾರವೇ ಇರುವುದರಿಂದ ‘ವಸರ’ ಕರುವಿನ ‘ವಸ’ದ ಗುಂಪಿನದು, ಜೇನಿನ ಗುಂಪಿನದಲ್ಲ.

ಋಕಾರಕ್ಕೆ ‘ಮರ್ರಸ್’ ನೋಡಿ. ಸಾವು ಎಂಬ ಅರ್ಥದ ಈ ಹಳೆಯ ಪದ ಇಂದು ‘ಮರ್ರಸ್‌ಕೂ’ ಎಂಬ ನವೆಂಬರ್ ತಿಂಗಳ ಹೆಸರಿನಲ್ಲಿ ಉಳಿದಿದೆ. ಸಂಸ್ಕೃತದ ‘ಮೃತ’ದ ಕಡೆಯದು. ವಿಭಕ್ತಿ ಹಚ್ಚಿದಾಗ ‘ಮರ್ತಾನ್’ ಎಂದು ತಕಾರ ಹೊರಗೆ ಬರುತ್ತದೆ, ವ್ಯಂಜನದಲ್ಲಿ ಮುಗಿಯುವ ಅಕ್ಷರದಲ್ಲಿ ‘ರ್ತ’ ‘ರ್ರ’ ಆಗುವುದು ಅಲ್ಲಿನ ನಿಯಮ. ಸ್ವರವಾದ ರಕಾರ ಅವರಲ್ಲಿಲ್ಲ, ಹಾಗಾಗಿ ‘ಅರ್’ ಮಾಡಿದರು. ನಾವು ಹೆಚ್ಚಾಗಿ ಇಕಾರದ ಕಡೆ ವಾಲಿದೆವು: ಋಷಿ–ರಿಸಿ, ಮೃಗ–ಮಿಗ, ಶೃಂಗಾರ–ಸಿಂಗಾರ. ಆದರೆ ಸಂಸ್ಕೃತದಲ್ಲೇ ‘ಮೃತ’ದ ಪಕ್ಕ ‘ಮರ್ತ’ (ಸಾಯುವವನು, ಮನುಷ್ಯ) ಎಂಬುದೂ ಇದೆ. ಫಿನ್ನಿಶ್‌ನ ‘ಅರ್’ ಯಾವುದರದು ಎಂದು ಸ್ವರ ಹೇಳಲಾರದು. ಅರ್ಥ ನೋಡಿ ‘ಮೃತ’ದ ಕಡೆ ವಾಲಬಹುದು.

ಪ್ರಶ್ನೆ: ‘ಆರ್ಯ’ ಎಂಬುದೇ ಫಿನ್ನಿಶ್‌ನಲ್ಲಿ ‘ಗುಲಾಮ’ ಎಂದಾಗಿದೆಯಂತೆ. ಆಕಾರ ಹೇಗೆ ಒಕಾರವಾಯಿತು? (ಓದುಗರು, ಸರಸ್ವತಿಪುರಂ, ಮೈಸೂರು)

ಉತ್ತರ: ‘ಒರ್ಯ’ ಎಂದರೆ ಗುಲಾಮ, ಹೌದು. ಅದು ‘ಆರ್ಯ’ದಿಂದ ಬಂದದ್ದು ಎಂಬ ವಾದ ಹಳೆಯದು. ಸೆರೆ ಸಿಕ್ಕ ಪರ ಜನರ ಕುಲನಾಮವೇ ಆಳಿನ ಹೆಸರಾಗುವುದು ಬೇರೆ ಕಡೆಯೂ ನಡೆದಿದೆ. ಇಂಗ್ಲಿಷಿನ ‘ಸ್ಲೇವ್’ ಸ್ಲಾವ್ ಜನರ ಹೆಸರಿನಿಂದ ಬಂತು. ಎಲ್ಲರೂ ಒಪ್ಪಿದ ವಾದ ಎಂದು ಹೇಳುವಂತಿಲ್ಲ. ಆದರೆ ನಿಮ್ಮ ಪ್ರಶ್ನೆ ಸ್ವರದ ಮೇಲಿದೆ, ಅದು ಸೊಗಸಾದದ್ದು.

ಯುರಾಲಿಕ್ ಮೂಲದಲ್ಲಿ ದೀರ್ಘವಿಲ್ಲ ಎಂದೆವಲ್ಲ. ಹಾಗಿದ್ದರೆ ಆಕಾರ ಕೇಳಿದವರು ಉದ್ದವನ್ನು ಬಿಟ್ಟು ಬಣ್ಣವನ್ನು ಹಿಡಿಯಬೇಕು. ಹ್ರಸ್ವ ಅ, ದೀರ್ಘ ಆ ಉದ್ದದಲ್ಲಷ್ಟೇ ಬೇರೆಯಲ್ಲ. ಕನ್ನಡದ ‘ಮರ’, ‘ಮಾರ’ ಹೇಳಿ ನೋಡಿ, ಎರಡನೆಯದರಲ್ಲಿ ಬಾಯಿ ಹೆಚ್ಚು ತೆರೆಯುತ್ತದೆ. ಪಾಣಿನಿಯ ಕೊನೆಯ ಸೂತ್ರ ‘ಅ ಅ’ (8.4.68) ಹೇಳುವುದೂ ಇದನ್ನೇ: ವ್ಯಾಕರಣದ ಅನುಕೂಲಕ್ಕೆ ವಿವೃತ (ಬಾಯಿ ತೆರೆದು ನುಡಿವ ಸ್ವರ) ಎಂದು ಇಟ್ಟುಕೊಂಡ ಹ್ರಸ್ವ ಅಕಾರ ಬಳಕೆಯಲ್ಲಿ ಸಂವೃತ (ಬಾಯಿ ಕಿರಿದು ಮಾಡಿ ನುಡಿವುದು). ಆಕಾರವನ್ನು ಬಾಯಿಯ ಹಿಂಭಾಗದಲ್ಲಿ ನುಡಿದಾಗ ಅದು ಯುರಾಲಿಕ್ ಕಿವಿಗೆ ಒಕಾರದ ಹತ್ತಿರ ಕೇಳಿಸಿರಬಹುದು. ನಾವು ಇದರ ತಿರುಗುಮುರುಗನ್ನು ದಿನಾ ಮಾಡುತ್ತೇವೆ. ಇಂಗ್ಲಿಷಿನ ಹ್ರಸ್ವ ಒಕಾರದಂಥ ಧ್ವನಿಯನ್ನು ನಮ್ಮದೇ ‘ಒ’ ಕೈಯಲ್ಲಿದ್ದರೂ ಬಿಟ್ಟು ಕಾಫಿ, ಆಫೀಸು, ಡಾಕ್ಟರು, ಕಾಲೇಜು, ಲಾರಿ ಎಂದು ದೀರ್ಘ ಆಕಾರ ಮಾಡಿಕೊಂಡೆವು. ಒಂದು ಪದವಾದರೆ ಆಕಸ್ಮಿಕ, ಇಷ್ಟಿದ್ದರೆ ನಿಯಮ.

ಫಿನ್ನಿಶ್ ಕಡೆ ಆಕಾರಕ್ಕೆ ಒಕಾರ ಬಂದ ಇನ್ನೊಂದು ಗಟ್ಟಿ ಪದ ‘ಒರ’, ಚುಚ್ಚುವ ಮುಳ್ಳು, ದಬ್ಬಳ. ಸಂಸ್ಕೃತದಲ್ಲಿ ಮೋಚಿಯ ದಬ್ಬಳಕ್ಕೆ ‘ಆರಾ’. ಎರ್ಜ್ಯಾದಲ್ಲಿ ‘ಉರೊ’, ಹಂಗೇರಿಯನ್‌ನಲ್ಲಿ ‘ಆರ್’. ಹಂಗೇರಿಯನ್ ರೂಪ ಸಂಸ್ಕೃತಕ್ಕೆ ಎಷ್ಟು ಹತ್ತಿರ ಎಂದು ಖುಷಿಪಡಬೇಡಿ: ಅಲ್ಲಿ ಹಳೆಯ ಒಕಾರವೇ ಅಕಾರವಾಗಿ, ಆಮೇಲೆ ಉದ್ದವಾಗಿದೆ. ಸುತ್ತು ಹೊಡೆದು ಮನೆಗೆ ಬಂದಂತೆ ಕಾಣುತ್ತದೆ.

ಎರ್ಜ್ಯಾದ ಉಕಾರ ಇನ್ನೂ ಚೆಂದ. ಫಿನ್ನಿಶ್ ‘ಒರ’ಕ್ಕೆ ಅಲ್ಲಿ ‘ಉರೊ’, ‘ಒರ್ಪೊ’ಗೆ ‘ಉರೊಸ್’, ‘ಒರ್ಯ’ಕ್ಕೆ ‘ಉರೆ’, ‘ಪೊರ್ಸಸ್’ಗೆ ‘ಪುರ್ತ್ಸೊಸ್’. ನಾಲ್ಕೂ ಸಾಲದ ಪದ, ನಾಲ್ಕರಲ್ಲೂ ಒಕಾರದ ಎದುರು ಉಕಾರ. ಈಗ ಸ್ವಂತದ ಪದ ಒಂದು: ಫಿನ್ನಿಶ್‌ನ ‘ಕೊತ’ (ಗುಡಿಸಲು), ಎರ್ಜ್ಯಾದ ‘ಕುದೊ’ (ಮನೆ). ಅದೂ ಹಾಗೇ ನಡೆದಿದೆ. ಎರ್ಜ್ಯಾದಲ್ಲಿ ಒ ಉ ಆಗುವ ಮುಂಚೆಯೇ ಈ ಸಾಲಗಳು ಮನೆಯೊಳಗೆ ಸೇರಿಕೊಂಡಿದ್ದವು ಎಂದು ಇದರಿಂದ ಧೈರ್ಯವಾಗಿ ಹೇಳಬಹುದು.

ಪ್ರಶ್ನೆ: ಫಿನ್ನಿಶ್, ಹಂಗೇರಿಯನ್ ನಿಘಂಟು ಹಿಡಿದು ಕನ್ನಡಕ್ಕೆ ಹೋಲುವ ನಲವತ್ತು ಪದ ಪಟ್ಟಿ ಮಾಡಿದ್ದೇನೆ: ‘ಅಪ’–ಅಪ್ಪ, ‘ಕೊತ’–ಗುಡಿ ಹೀಗೆ. ಪ್ರಕಟಿಸುತ್ತೀರಾ? (ಓದುಗರು, ಶ್ರೀರಂಗಪಟ್ಟಣ)

ಉತ್ತರ: ಸದ್ಯಕ್ಕೆ ಬೇಡ. ದ್ರಾವಿಡ ನುಡಿಗಳನ್ನು ಈ ಕಡೆಗೆ ಜೋಡಿಸುವ ಆಸೆ ಹಳೆಯದು, 1856ರಲ್ಲೇ ದ್ರಾವಿಡ ನುಡಿಗಳ ವ್ಯಾಕರಣ ಬರೆದ ಕಾಲ್ಡ್‌ವೆಲ್ ಆ ದಿಕ್ಕಿಗೆ ಬೆರಳು ತೋರಿಸಿದ್ದರು. ಇನ್ನೂ ಯಾರೂ ಸಾಧಿಸಿ ತೋರಿಸಿಲ್ಲ. ನಿಮ್ಮ ಪಟ್ಟಿಯಿಂದ ಮೊದಲು ಅಪ್ಪ, ಅಮ್ಮ, ಅತ್ತೆಯಂಥ ಮಕ್ಕಳ ಬಾಯಿಯ ಪದಗಳನ್ನು ತೆಗೆಯಿರಿ. ಹಂಗೇರಿಯ ‘ಅಪ’ ನಮ್ಮ ಅಪ್ಪನಂತೆ ಕೇಳಲು ನೆಂಟಸ್ತನ ಬೇಕಿಲ್ಲ. ಆಮೇಲೆ ಪ್ರತಿ ಪದದ ಪಕ್ಕ ಎರ್ಜ್ಯಾ, ಕೋಮಿ ರೂಪ ಬರೆಯಿರಿ. ಫಿನ್ನಿಶ್ ಒಂದರಲ್ಲಿ ಮಾತ್ರ ಇದ್ದರೆ ಅದು ಸ್ವೀಡಿಷ್‌ನಂಥ ನೆರೆನುಡಿಯ ಸಾಲವಾಗಿರುವ ಸಂಭವ ಉಂಟು. ಉಳಿದವುಗಳಲ್ಲಿ ಸ್ವರಗಳ ಲೆಕ್ಕ ತೆಗೆಯಿರಿ. ‘ಕೊತ’ಕ್ಕೆ ‘ಗುಡಿ’ ಎಂದರೆ, ಅಲ್ಲಿನ ಒಕಾರಕ್ಕೆ ಇಲ್ಲಿ ಉಕಾರ. ಅದೇ ಹೊಂದಾಣಿಕೆ ಇನ್ನು ಎಷ್ಟು ಪದಗಳಲ್ಲಿದೆ? ನಾಲ್ಕೈದರಲ್ಲಿ ತಪ್ಪದೆ ಬಂದರೆ ಮತ್ತೆ ಬರೆಯಿರಿ, ಜಾಗ ಕೊಡುತ್ತೇವೆ. ಒಂದು ಕಡೆ ಒ–ಉ, ಇನ್ನೊಂದು ಕಡೆ ಒ–ಅ, ಮತ್ತೊಂದು ಕಡೆ ಒ–ಇ ಎಂದಾದರೆ ಅದು ಕಿವಿಯ ಹೋಲಿಕೆ ಮಾತ್ರ.

ಪ್ರಶ್ನೆ: ಕೋಮಿ ಜನ ರೊಟ್ಟಿಗೆ ‘ನ್ಯಾನ್’ ಅನ್ನುವುದು ಹೋಟೆಲಿನ ನಾನ್‌ಗೆ ಸಂಬಂಧವೇ? (ಓದುಗರು, ಮದ್ದೂರು)

ಉತ್ತರ: ಸಂಬಂಧವೇ. ಇರಾನೀ ‘ನಾನ್’ನಿಂದ, ಮೇಲೆ ಹೇಳಿದವುಗಳಿಗಿಂತ ಬಹಳ ತಡವಾಗಿ.

ಪ್ರಶ್ನೆ: ಸಾವಿರ? (ಅದೇ ಓದುಗರು)

ಉತ್ತರ: ನಮಗೂ ಹಂಗೇರಿಯವರಿಗೂ ಅದು ಸಾಲವೇ. ನೂರರವರೆಗೆ ಎಣಿಸಲು ಕನ್ನಡಕ್ಕೆ ಸ್ವಂತ ಪದಗಳಿವೆ. ‘ಸಹಸ್ರ’ ಒಡೆದು ‘ಸಾಸಿರ’ವಾಗಿ, ಆಮೇಲೆ ‘ಸಾವಿರ’ವಾಯಿತು. ನಿಮ್ಮ ಸೀಮೆಯ ಹಳೆಯ ಹೆಸರಿನಲ್ಲೇ ಅದಿದೆ, ‘ಗಂಗವಾಡಿ ತೊಂಬತ್ತಾರುಸಾಸಿರ’. ಹಂಗೇರಿಯವರು ಇರಾನೀ ಕಡೆಯ ‘ಹಜ಼ಾರ್’ ತೆಗೆದುಕೊಂಡು ‘ಎಜ಼ೆರ್’ ಮಾಡಿಕೊಂಡರು. ಒಂದು ಪದದೊಳಗೆ ಬಾಯಿಯ ಮುಂಭಾಗದಲ್ಲಿ ನುಡಿವ ಸ್ವರ (ಎ, ಇ), ಹಿಂಭಾಗದಲ್ಲಿ ನುಡಿವ ಸ್ವರ (ಅ, ಒ, ಉ) ಬೆರೆಸಬಾರದು ಎಂಬ ಕಟ್ಟು ಅಲ್ಲಿದೆ. ಹಾಗಾಗಿ ಒಂದು ಅಕ್ಷರ ಎಕಾರಕ್ಕೆ ತಿರುಗಿದರೆ ಇನ್ನೊಂದೂ ತಿರುಗುತ್ತದೆ.

ಪ್ರಶ್ನೆ: ಮಹಿಷಾಸುರನ ಊರಿನವರಾದ ನಮಗೆ ಒಂದು ಕುತೂಹಲ: ‘ಅಸುರ’ ಕೂಡ ಅಲ್ಲಿಗೆ ಹೋಗಿದ್ದಾನೆಯೇ? (ಗೃಹಿಣಿ, ಚಾಮುಂಡಿಪುರಂ, ಮೈಸೂರು)

ಉತ್ತರ: ಹೋಗಿದ್ದಾನೆ ತಾಯಿ, ಅದೂ ಮರ್ಯಾದೆಯಿಂದ. ಎರ್ಜ್ಯಾದಲ್ಲಿ ‘ಅಜ಼ೊರೊ’ ಎಂದರೆ ಯಜಮಾನ, ಕೋಮಿಯ ‘ಒಜ಼ಿರ್’, ಉಡ್ಮುರ್ಟಿನ ‘ಉಜ಼ಿರ್’ ಎಂದರೆ ಸಿರಿವಂತ. ಋಗ್ವೇದದ ಹಳೆಯ ಭಾಗದಲ್ಲೂ ವರುಣನಂಥ ದೇವರಿಗೆ ‘ಅಸುರ’ ಎಂಬುದು ಒಡೆಯ ಎಂಬ ಗೌರವದ ಮಾತು. ರಾಕ್ಷಸನಾದದ್ದು ಆಮೇಲೆ, ಭಾರತದಲ್ಲಿ. ಇರಾನೀ ಕಡೆ ಸಕಾರ ಹಕಾರವಾಗಿ ‘ಅಹುರ’ ಆಯಿತು. ಯುರಾಲಿಕ್ ರೂಪಗಳಲ್ಲಿ ಹಕಾರವಿಲ್ಲ, ಎರಡು ಸ್ವರಗಳ ನಡುವೆ ಮೆತ್ತಗಾದ ಸಕಾರವಿದೆ, ಹಾಗಾಗಿ ‘ಅಹುರ’ ಆಗುವ ಮುಂಚಿನ ಸಾಲ ಇದು. ಇನ್ನು ಕೋಮಿಯ ಒ, ಉಡ್ಮುರ್ಟಿನ ಉ ಎರಡೂ ಹಳೆಯ ಅಕಾರದಿಂದ ಬಂದವು: ನೂರಕ್ಕೆ ಕೋಮಿಯವರು ‘ಶೊ’ ಎನ್ನುತ್ತಾರೆ, ಉಡ್ಮುರ್ಟರು ‘ಶು’.